ಬಿಳಿ ಮನೆಯ ಒಂಟೆ

ಹಳದಿ, ಹೆಬ್ಬೆರಳಿನ ಉಗುರಿನ ಸುತ್ತ ಹಳದಿ, ಕುದುರೆಯನ್ನು ಎತ್ತಿ ಇಡುವಾಗಲೆಲ್ಲ ಅದರ ಕಿವಿಗಿಷ್ಟು ಹತ್ತುತ್ತದೆ, ಭಂಡಾರದ ಅರಿಷಿಣ ಮುಟ್ಟಿದ ಕೈ ತೊಳೆದುಕೊಂಡು ಬರಬಾರದೇ ಈ ಹೆಂಗಸು, ಇದೇನು ಬೀರೋಬನ ಗುಡಿಯ ಕಟ್ಟೆಯೇ, ಶೀಸಂ ಕಟ್ಟಿಗೆಯ ಚದುರಂಗದ ಕಾಯಿಗಳಿವು, ಅಪ್ಪನ ಕಾಲದವು, ಐವತ್ತು ವರ್ಷ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟವು, ಒಂದನೇ ಟೇಬಲ್ಲಿಗೆ ಮಾತ್ರ ಹೊರಗೆ ತೆಗೆಯುವಂಥವು — ಉಳಿದ ಇಪ್ಪತ್ತು ಟೇಬಲ್ಲಿಗೆ ಪ್ಲಾಸ್ಟಿಕ್ಕು, ಅವರ ಆಟಕ್ಕೆ ಅದೇ ಹೆಚ್ಚು — ಈಗ ನೋಡು, ಕಪ್ಪು ಕುದುರೆಯ ಕಿವಿ ಹಳದಿ, ಕುತ್ತಿಗೆ ಹಳದಿ, ಅರಿಷಿಣ ಹಚ್ಚಿಸಿಕೊಂಡು ಲಗ್ನಕ್ಕೆ ಹೊರಟು ನಿಂತಿದೆ, ಲಗ್ನದ ಹಾಲ್ ಅಲ್ಲವೇ ಇದು, ಅಕ್ಕಲಕೋಟೆಯ ಈ ಮಂಗಲ ಕಾರ್ಯಾಲಯದಲ್ಲಿ ನಿನ್ನೆ ಯಾರದೋ ಮದುವೆಯಾಗಿದೆ, ಸ್ಟೇಜಿನ ಮೇಲೆ ಥರ್ಮಾಕೋಲಿನ ಹೆಸರುಗಳನ್ನು ಕಿತ್ತಿಲ್ಲ, ನೆಲದ ಮೇಲೆ ಅಕ್ಕಿಕಾಳು ಕಾಲಿಗೆ ಚುಚ್ಚುತ್ತವೆ, ಫ್ಯಾನು ಕಿರ್ ಕಿರ್ ಅನ್ನುತ್ತದೆ, ಮಧ್ಯಾಹ್ನ ಮೂರು ಗಂಟೆ, ಕಡೆಯ ಸುತ್ತು, ಮತ್ತು ಶಾಂತಲಿಂಗಪ್ಪನ ಎದುರಿಗೆ, ನನ್ನ ಎದುರಿಗೆ, ಕೂತಿರುವುದು ಯಾರು — ಕಂದಲಗಾಂವದ ಗುರುಬಾಯಿ, ಕುರಿ ಕಾಯುವ ಗುರುಬಾಯಿ, ಸತ್ತ ಬಂಡೆಪ್ಪನ ಹೆಂಡತಿ. ನಗು ಬರುತ್ತದೆ. ನಗಬಾರದು, ನನ್ನ ಹೆಂಡತಿ ಸಾವಿತ್ರಿ ಬೆಳಿಗ್ಗೆ ನನ್ನ ಕೋಟಿನ ಗುಂಡಿ ಹಾಕುತ್ತ ಅಂದಳಲ್ಲ, ಅಹೋ, ಆ ಬಾಯಿ ಮುಂದ ಸ್ವಲ್ಪ ನೋಡಿ ಮಾತಾಡ್ರಿ, ಗಂಡ ಹೋದಾಕಿ ಅದಾಳ. ಗಂಡ ಹೋದರೆ ಆಟ ಬರುತ್ತದೆಯೇ? ಸಾವಿತ್ರಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ.

ಖುರ್ಚಿ ಗಟ್ಟಿಯಾಗಿದೆ, ಬೆನ್ನಿಗೆ ಹಿತವಾಗಿದೆ, ಸಾಗವಾನಿಯದು, ಎರಡೂ ತೋಳಿಗೆ ಸಿಂಹದ ಮುಖ, ಹಿಂದೆ ಅಪ್ಪನ ಹೆಸರು ಕೆತ್ತಿದೆ, ಸೊಲ್ಲಾಪುರದ ನಮ್ಮ ಪೇಠೆಯ ಬುದ್ಧಿಬಳ ಮಂಡಳದ ಅಧ್ಯಕ್ಷರ ಖುರ್ಚಿ, ಅಪ್ಪ ಕೂತ, ಅಪ್ಪನ ನಂತರ ಹತ್ತೊಂಬತ್ತು ವರ್ಷದಿಂದ ನಾನು ಕೂತಿದ್ದೇನೆ, ಪಂದ್ಯ ಎಲ್ಲಿಟ್ಟರೂ ಇದು ನನ್ನ ಜೊತೆಗೆ ಬರುತ್ತದೆ, ಬೆಳಿಗ್ಗೆ ನಮ್ಮ ಅಂಗಡಿಯ ಚಾದರದ ಗಂಟುಗಳ ನಡುವೆ ಹಗ್ಗ ಬಿಗಿದು ಟೆಂಪೊದಲ್ಲಿ ಬಂತು, ದಾರಿಯಲ್ಲಿ ಕುಂಭಾರಿಯ ಚಹಾದಂಗಡಿಯವರು ಎದ್ದು ನಿಂತು ನೋಡಿದರು, ಯಾವ ದೇವರ ಮೆರವಣಿಗೆ ಎಂದುಕೊಂಡರೋ ಏನೋ, ನೋಡಲಿ. ಉಳಿದವರಿಗೆಲ್ಲ ಬಿಳಿ ಪ್ಲಾಸ್ಟಿಕ್ ಖುರ್ಚಿ. ಗುರುಬಾಯಿ ಅದರ ಮೇಲೂ ಕಾಲು ಮಡಚಿಕೊಂಡು ಕೂತಿದ್ದಾಳೆ, ಒಲೆಯ ಮುಂದೆ ಕೂತ ಹಾಗೆ, ಸೆರಗು ತಲೆ ತುಂಬ ಹೊದ್ದು. ಈ ಖುರ್ಚಿಯ ಮೇಲೇ ಅಲ್ಲವೇ ಆ ಮಾತು ಆಡಿದ್ದು, ಹೋದ ತಿಂಗಳು, ಮಂಡಳದ ಸಭೆಯಲ್ಲಿ — ತೀರ್ಪು ಕೊಡುವ ಪಂಚನಾಗಿ ನಿಲ್ಲುವ ಹೋಟಗಿಯ ಸಿದ್ಧರಾಮ ಮಾಸ್ತರ ಕೈ ಹೊಸೆಯುತ್ತ ಎದ್ದು ನಿಂತ, ಸರ್, ಬಂಡೆಪ್ಪನ ಹೇಣ್ತಿ ಹೆಸರ ಕೊಟ್ಟಾಳ್ರಿ, ಗಂಡನ ಜಾಗಾಕ್ಕ ತಾ ಆಡ್ತೀನಿ ಅಂತಾಳ, ಏನ್ ಮಾಡೂಣ್ರಿ. ಮೂವತ್ತು ಜನ ನನ್ನ ಬಾಯಿ ನೋಡಿದರು. ಬರ್ಕೋ ಮಾಸ್ತರ, ಬರ್ಕೋ, ಅಕಿ ಪೈಲಾ ನಂಬರಿನ ಟೇಬಲ್ಲಿಗಿ ಬಂದು ನನ್ನ ಕಡಿಂದ ಅರ್ಧ ಪಾಯಿಂಟ್ ತಗೊಂಡ್ಲಂದ್ರ ಅವತ್ತ ಈ ಖುರ್ಚಿ ಬಿಟ್ಟ ಏಳ್ತೀನಿ, ಮತ್ತ ಕೂಡಂಗಿಲ್ಲ, ಅಕಿನ್ನ ಕೂಡಸರಿ. ಚಪ್ಪಾಳೆ. ಅಮೋಲ್, ಕಾರ್ಯದರ್ಶಿ, ಕೆಲಸಕ್ಕೆ ಬಾರದವ, ಮೊಬೈಲಿನಲ್ಲಿ ತೆಗೆದು ಗ್ರೂಪಿಗೆ ಹಾಕಿದ. ಹಾಕಲಿ. ಆಡಿದ ಮಾತಿಗೆ ನಾನು ಹೆದರುವವನಲ್ಲ. ಗೆದ್ದರೆ ಒಂದು ಪಾಯಿಂಟ್, ಸಮವಾದರೆ ಅರ್ಧ, ಈಕೆಗೆ ಅರ್ಧವೂ ಇಲ್ಲ, ಅರ್ಧದ ಅರ್ಧವೂ ಇಲ್ಲ, ಸಂಜೆ ಇದೇ ಖುರ್ಚಿ ಇದೇ ಟೆಂಪೊದಲ್ಲಿ ವಾಪಸು ಹೋಗುತ್ತದೆ.

ಆದರೂ ನಾಲ್ಕು ಆಟ ಗೆದ್ದು ಇಲ್ಲಿಯ ತನಕ ಬಂದಳಲ್ಲ, ಯಾರ ಮೇಲೆ ಗೆದ್ದಳು ಎಂದು ಕೇಳಬೇಕು, ಒಬ್ಬ ಬ್ಯಾಂಕಿನವ, ಗಡಿಯಾರ ಒತ್ತಲು ಮರೆತು ಸೋತ, ಒಬ್ಬ ಕಾಲೇಜಿನ ಹುಡುಗಿ, ಅದಕ್ಕೆ ಎಲ್ಲವೂ ಮೊಬೈಲಿನಲ್ಲೇ ಬರುತ್ತದೆ, ಹಲಗೆಯ ಮುಂದೆ ಕೂತರೆ ಬೆವರುತ್ತದೆ — ಎಂಥೆಂಥವರು ಆಡುವುದಕ್ಕೆ ಬರುತ್ತಾರೆ ಈಗ. ಇವರದ್ದೋ ಅಡವಿಯ ಆಟ. ಕರಿ ಕಂಬಳಿಯ ಮೇಲೆ ಬಿಳಿ ದಾರದಲ್ಲಿ ಗೆರೆ ಹೊಲಿದು, ಕುರಿ ಮೇಯಲು ಬಿಟ್ಟು, ಗಂಡ ಹೆಂಡತಿ ಎದುರುಬದುರು ಕೂತು ಆಡುತ್ತಿದ್ದರಂತೆ, ರಾಜನಿಗೆ ಒಂದು ನುಣುಪು ಕಲ್ಲು, ಮಂತ್ರಿಗೆ, ವಜೀರನಿಗೆ, ಬಳೆಯ ಚೂರು, ಮುಂದಿನ ಸಾಲಿನ ಪ್ಯಾದೆಗಳು ಯಾವುವು ಅಂತೀರಿ, ಕುರಿಯ ಹಿಕ್ಕೆ! ಬಂಡೆಪ್ಪ ತಾನೇ ಹೇಳಿದ್ದ, ಹಲ್ಲು ಬಿಟ್ಟು, ಒಣಗಿದ್ದ ಇರ್ತಾವ್ರಿ ಸಾವಕಾರ್ರ, ವಾಸ ಏನ್ ಬರಂಗಿಲ್ಲ. ಆ ದಿನ ಮಂಡಳದಲ್ಲಿ ಎಷ್ಟು ನಕ್ಕಿದ್ದೆವು, ಆ ಮೇಲೆ ವರ್ಷಗಟ್ಟಲೆ ಅವನನ್ನು ಹಿಕ್ಕೆ ಮಾಸ್ತರ ಎಂದೇ ಕರೆದೆವು, ಅವನೂ ಹೂಂ ಅನ್ನುತ್ತಿದ್ದ. ಕುದುರೆಗೆ ಮಾತ್ರ ಕಟ್ಟಿಗೆಯ ಕಾಯಿ ಕೆತ್ತಿಸಿಕೊಂಡಿದ್ದರಂತೆ, ಕುದುರೆ ಮೈಲಾರಲಿಂಗನ ಸವಾರಿ, ಅದಕ್ಕೆ ಕಲ್ಲು ಹಿಕ್ಕೆ ಇಡಬಾರದು. ಅದನ್ನು ಆಟದಲ್ಲಿ ತಾವಾಗಿ ಬಿಟ್ಟು ಕೊಡಲೂಬಾರದು. ಎದುರಾಳಿ ಹೊಡೆದರೆ ಹೊಡೆದ, ತಾವಾಗಿ ಸಾಯಲು ಕಳಿಸುವುದಿಲ್ಲ. ಇಂಥ ನೇಮ ಇಟ್ಟುಕೊಂಡು ಬುದ್ಧಿಬಳ ಆಡುತ್ತಾರೆ ಎಂದರೆ ಇವರಿಗೆ ಏನು ಹೇಳುವುದು, ಆಟದ ಹೆಸರಿನಲ್ಲೇ ಬುದ್ಧಿ ಇದೆ.

ಕುದುರೆ. ನನಗೆ ಆ ಕಾಯಿಯನ್ನು ಕಂಡರೇ ಆಗುವುದಿಲ್ಲ. ಕಲಿಯುವವರ ಪುಸ್ತಕದಲ್ಲಿ ಕುದುರೆಯ ಬೆಲೆಯೂ ಮೂರು, ಓರೆಯಾಗಿ ಓಡುವ ಒಂಟೆಯ ಬೆಲೆಯೂ ಮೂರು ಎಂದು ಬರೆದಿರುತ್ತಾರೆ, ಬರೆದವನಿಗೆ ಆಟ ಮುಗಿಸುವುದು ಗೊತ್ತಿಲ್ಲ, ಹಲಗೆಯ ತುಂಬ ಕಾಯಿ ಇರುವಾಗ ಸರಿ, ಸಂತೆಯ ಗದ್ದಲದಲ್ಲಿ ಯಾರು ಯಾರ ಮೇಲಾದರೂ ಹಾರಬಹುದು, ಆದರೆ ಎಲ್ಲ ಹೊಡೆದಾಡಿ ಸತ್ತು ಎರಡು ರಾಜ, ಒಂದು ಒಂಟೆ, ಒಂದು ಕುದುರೆ, ಎರಡು ಪ್ಯಾದೆ ಉಳಿದ ಮೇಲೆ ನೋಡಬೇಕು ಯಾರ ಯೋಗ್ಯತೆ ಏನು ಎಂದು. ಒಂಟೆ ಈ ಅಂಚಿನಲ್ಲಿ ನಿಂತು ಆ ಅಂಚನ್ನು ಕಾಯುತ್ತದೆ, ಎಡದ ಪ್ಯಾದೆಗೂ ಬಲದ ಪ್ಯಾದೆಗೂ ಒಂದೇ ಗೆರೆಯ ಮೇಲಿಂದ ಆಸರೆ, ಕುದುರೆ ಪಾಪ ಎಡಕ್ಕೆ ಹೋದರೆ ಬಲಕ್ಕೆ ಬರಲು ನಾಲ್ಕು ನೆಗೆತ ಬೇಕು. ಮತ್ತೆ ಒಂಟೆಗೆ ಸುಮ್ಮನೆ ಒಂದು ನಡೆ ಕಳೆಯುವುದು ಗೊತ್ತು, ಒಂದು ಮನೆ ಅತ್ತಿತ್ತ ಸರಿದು ಅದೇ ಮನೆಯನ್ನು ಕಾಯುತ್ತ ಕೂತರೆ ಎದುರಾಳಿ ತಾನೇ ನಡೆಯಬೇಕು, ನಡೆದರೆ ಕೆಡಬೇಕು, ಕುದುರೆಗೆ ಅದು ಬರುವುದಿಲ್ಲ, ಒಂದು ನೆಗೆತ ಕಪ್ಪಿನಲ್ಲಿ, ಒಂದು ನೆಗೆತ ಬಿಳಿಯಲ್ಲಿ, ನಿಂತಲ್ಲಿ ನಿಲ್ಲುವ ಜಾತಿಯಲ್ಲ, ಕುಡಿದವನ ನಡಿಗೆ. ಒಂಟೆಗೆ ಒಂದು ನಡತೆ ಇದೆ. ಬಿಳಿ ಮನೆಯ ಒಂಟೆ ಹುಟ್ಟಿದಂದಿನಿಂದ ಆಟ ಮುಗಿಯುವ ತನಕ ಬಿಳಿ ಮನೆ ಬಿಟ್ಟು ಬೇರೆ ಮನೆಗೆ ಕಾಲಿಡುವುದಿಲ್ಲ. ಅಪ್ಪ ಇದನ್ನು ಹೇಳುವಾಗ ಮೀಸೆಯ ಮೇಲೆ ಕೈ ಹೋಗುತ್ತಿತ್ತು, ನೋಡು ಶಾಂತಾ, ಇದು ನಮ್ಮಂಥವರ ಕಾಯಿ, ಎಲ್ಲಾರ ಮನ್ಯಾಗ ಹೋಗಿ ಕೂಡಂಗಿಲ್ಲ. ನಾನೂ ಹೋಗಿಲ್ಲ. ಬಂಡೆಪ್ಪ ಸತ್ತಾಗ ಮಂಡಳದವರೆಲ್ಲ ಜೀಪು ಮಾಡಿಕೊಂಡು ಕಂದಲಗಾಂವಕ್ಕೆ ಹೋದರು, ನಾನು ಅಂಗಡಿಯ ಆಳಿನ ಕೈಯಲ್ಲಿ ಒಂದು ಚಾದರ ಕಳಿಸಿದೆ, ಒಳ್ಳೆಯ ಚಾದರವೇ. ಮಣ್ಣಿನ ನೆಲ, ಕುರಿಯ ವಾಸನೆ, ಅಲ್ಲಿ ಎಲ್ಲಿ ಕೂಡುವುದು, ಕಂಬಳಿಯ ಮೇಲೆ ಕೂಡ್ರಿ ಅನ್ನುತ್ತಾರೆ. ಮೂವತ್ತು ವರ್ಷ ಎದುರಿಗೆ ಕೂತು ಆಡಿದವನು ಎಂದು ಸಾವಿತ್ರಿ ಎರಡು ದಿನ ಮಾತು ಬಿಟ್ಟಿದ್ದಳು. ಸಾವಿತ್ರಿಯ ವಿಷಯ ಬೇಡ.

ಈಗ ಹಲಗೆ. ನನ್ನ ಒಂಟೆ ಬಿಳಿ ಮನೆಯದು, ಎಡಗಡೆ ನನ್ನ ಒಂದು ಪ್ಯಾದೆ ಎರಡೇ ಹೆಜ್ಜೆ ದಾಟಿದರೆ ಕೊನೆ ಮುಟ್ಟಿ ವಜೀರ, ಬಲಗಡೆ ಅಂಚಿನ ಸಾಲಿನಲ್ಲಿ ಇನ್ನೊಂದು ಪ್ಯಾದೆ, ಎರಡನ್ನೂ ಒಂಟೆ ಒಂದೇ ಜಾಗದಿಂದ ಕಾಯುತ್ತಿದೆ. ಅವಳ ಕಡೆ ಪ್ಯಾದೆಯೇ ಇಲ್ಲ, ರಾಜ ಬಲಮೂಲೆಯ ಹತ್ತಿರ ನನ್ನ ಬಲಗಡೆಯ ಪ್ಯಾದೆಯನ್ನು ಹೆದರಿ ನೋಡುತ್ತಿದ್ದಾನೆ, ಕುದುರೆ ಎಡ ಅಂಚಿಗೆ ಹೋಗಿ ಎಡಗಡೆಯ ಪ್ಯಾದೆಯ ಮುಂದಿನ ಮನೆಯನ್ನು ಕಾಯುತ್ತಿದೆ. ಅಂಚಿನ ಕುದುರೆಗೆ ನಾಲ್ಕೇ ಬಾಗಿಲು. ನನ್ನ ಒಂಟೆ ಎರಡು ಮನೆ ಮುಂದೆ ಹೋಗಿ ನಡುವಿನಲ್ಲಿ ನಿಂತರೆ ನಾಲ್ಕು ಬಾಗಿಲೂ ಮುಚ್ಚುತ್ತವೆ, ಎಲ್ಲಿಗೆ ಹಾರಿದರೂ ಒಂಟೆಯ ಬಾಯಿಗೆ, ಆಮೇಲೆ ನನ್ನ ರಾಜ ನಾಲ್ಕೈದು ಹೆಜ್ಜೆ ನಡೆದು ಹೋಗಿ ಅದನ್ನು ಕೈಯಾರೆ ಹಿಡಿದುಕೊಂಡು ಬರುತ್ತಾನೆ, ಅಷ್ಟರಲ್ಲಿ ಅವಳು ಬಲಗಡೆಯ ಪ್ಯಾದೆ ಹೊಡೆದರೂ ಹೊಡೆಯಲಿ, ಎಡದ್ದು ವಜೀರನಾಗುತ್ತದೆ, ಮುಗಿಯಿತು. ಅಪ್ಪನಾಗಿದ್ದರೆ ಇದನ್ನೇ ಆಡುತ್ತಿದ್ದ. ಐದು ನಿಮಿಷದ ಕೆಲಸ. ಕಂಡಿದೆ ನನಗೆ, ಕಾಣದೆ ಏನು, ಕೈ ಒಂಟೆಯ ಕಡೆಗೆ ಹೋಗಿಯೂ ಹೋಯಿತು — ಅಷ್ಟರಲ್ಲಿ ಆ ಹಳದಿ ಕಿವಿ ಕಂಡಿತು. ಬಂಡೆಪ್ಪ ನೆನಪಾದ. ಎಂಟು ವರ್ಷದ ಹಿಂದೆ, ಇದೇ ಹಾಲ್, ಇದೇ ಖುರ್ಚಿ, ಹಲಗೆಯ ಮೇಲೆ ಉಳಿದದ್ದೂ ಹೆಚ್ಚು ಕಡಿಮೆ ಇದೇ ಕಾಯಿಗಳು, ನಾನು ಪ್ಯಾದೆಯನ್ನು ನೇರ ಕುದುರೆಯ ಬಾಯಿಗೇ ನೂಕಿದ್ದೆ, ಹೊಡೆಯೋ ಎಂದು, ಹೊಡೆದರೆ ಕುದುರೆ ಸಾಯುತ್ತದೆ, ಒಂಟೆ ಕಾಯುತ್ತಿದೆ, ಅವನು ಬೆವರು ಒರೆಸಿಕೊಂಡ, ತಲೆಯ ಪಟಕಾ ತೆಗೆದು ಮತ್ತೆ ಸುತ್ತಿಕೊಂಡ, ಆಮೇಲೆ ಕುದುರೆಯನ್ನು ಹಿಂದಕ್ಕೆ ಸರಿಸಿಕೊಂಡ! ನನ್ನ ಪ್ಯಾದೆ ಹಾಡಹಗಲೇ ವಜೀರನಾಯಿತು. ನಗದೆ ಏನು ಮಾಡಲಿ? ಇಡೀ ಹಾಲನ್ನು ಕರೆದೆ, ಬರ್ರಿ ಬರ್ರಿ, ನೋಡ್ರಿ ಇಲ್ಲಿ, ಏ ಬಂಡೆಪ್ಪ, ಏಳು, ಎದ್ದ ನಿಂತ ನೋಡು, ಎಲ್ಲಾರಿಗೂ ಕಾಣಬೇಕು. ಅವನು ಎದ್ದು ನಿಂತ. ಕಾಯಿಗಳನ್ನು ಹಿಂದಕ್ಕೆ ಇಟ್ಟು ತೋರಿಸಿದೆ, ಕುದರಿ ಕೊಟ್ಟ ಬಿಡು, ನನ್ನ ಎಡಗಡಿ ಪ್ಯಾದಿ ಹೋತು, ಉಳದಿದ್ದು ಬಲಗಡಿ ಅಂಚಿನ ಸಾಲಿಂದೊಂದ, ಅದು ವಜೀರ ಆಗೂ ಮನಿ ಯಾವುದು, ಆ ಮೂಲಿದು, ಕರೇ ಮನಿ, ನನ್ನ ಒಂಟಿ ಬಿಳೇ ಮನ್ಯಾಂದು, ಆ ಮೂಲಿಗಿ ಹೋಗಾಕ ಅದಕ ಬರಂಗಿಲ್ಲ, ನಿನ್ನ ರಾಜಾನ ಒಯ್ದು ಆ ಕರೇ ಮೂಲ್ಯಾಗ ಕೂಡಸು, ಹೊತ್ತ ಮುಣಗೂತನ ಕುಂತ್ರೂ ನಿನ್ನ ಅಲ್ಲಿಂದ ಎಬ್ಸಾಕ ನಮ್ಮಪ್ಪನ ಕೈಲೆನೂ ಆಗಂಗಿಲ್ಲ, ಡ್ರಾ, ತಿಳೀತೇನೋ ಹಿಕ್ಕಿ ಮಾಸ್ತರ? ಮೂರು ಸಲ ತೋರಿಸಿದೆ. ಹಿಂದೆ ಬಂದವರು ಇನ್ನೊಮ್ಮೆ ಅಂದರು, ಇನ್ನೊಮ್ಮೆ ತೋರಿಸಿದೆ. ಬಂಡೆಪ್ಪ ನಿಂತೇ ಇದ್ದ, ಕೂಡು ಎಂದು ನಾನೂ ಹೇಳಲಿಲ್ಲ, ಸಾವಕಾರ್ರ, ತಿಳೀತದ್ರಿ, ಖರೆ ಅದು ಮೈಲಾರಪ್ಪನ ಕುದರಿ, ನನ್ನ ಕೈಲೆ ಕೊಡಾಕ ಆಗಂಗಿಲ್ರಿ, ಅಂದ. ಮತ್ತೆ ನಗು. ಬಾಗಿಲಲ್ಲಿ ಒಬ್ಬ ಹೆಂಗಸು ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು, ಸೆರಗು ತಲೆ ತುಂಬ ಹೊದ್ದು, ಅವಳೊಬ್ಬಳು ನಗದೆ ಹಲಗೆಯನ್ನು ನೋಡುತ್ತಿದ್ದಳು.

ಗಂಡನಿಗಿದ್ದ ನೇಮ ಹೆಂಡತಿಗೆ ಇಲ್ಲದೆ ಇರುತ್ತದೆಯೇ. ಇನ್ನೂ ಒಂದು ಕೈ ಹೆಚ್ಚೇ ಇರುತ್ತದೆ, ಆ ಹೆಬ್ಬೆರಳು ನೋಡು. ಒಂಟೆಯ ಮೇಲಿದ್ದ ಕೈ ಹಿಂದಕ್ಕೆ ಬಂತು, ಮುಟ್ಟಿರಲಿಲ್ಲ, ಮುಟ್ಟಿದ್ದರೆ ಆಡಲೇಬೇಕಿತ್ತು, ಸಿದ್ಧರಾಮ ಮಾಸ್ತರ ಕಣ್ಣು ಕಿರಿದು ಮಾಡಿ ನೋಡುತ್ತಾನೆ, ನನ್ನ ಆಟಕ್ಕೇ ಪಂಚನಾಗಿ ನಿಲ್ಲುವ ಧೈರ್ಯ ಇವನಿಗೆ. ಸುತ್ತಲೂ ಜನ ಸೇರಿದ್ದಾರೆ, ತಮ್ಮ ಆಟ ಸೋತು ಬಂದವರು, ಅನ್ನಛತ್ರದಲ್ಲಿ ಉಂಡು ತೇಗುತ್ತ ಬಂದವರು, ಅಮೋಲನ ಮೊಬೈಲು ಮೇಲಕ್ಕೆ ಎದ್ದಿದೆ. ಬರೀ ಗೆದ್ದರೆ ಇವರಿಗೆ ಏನು ತಿಳಿಯುತ್ತದೆ, ಒಂಟೆಯನ್ನು ನಡುವಿನಲ್ಲಿ ತಂದಿಟ್ಟು ನಾಲ್ಕು ಬಾಗಿಲು ಮುಚ್ಚಿದರೆ ಎಷ್ಟು ಜನರಿಗೆ ಅದರ ಚಂದ ಕಾಣುತ್ತದೆ, ಒಬ್ಬರಿಗೂ ಇಲ್ಲ. ಅದೇ ಪ್ಯಾದೆಯನ್ನು ಕುದುರೆಯ ಬಾಯಿಗೆ ನೂಕಿ, ಅವಳು ಗಂಡನ ಹಾಗೇ ಕುದುರೆಯನ್ನು ತಬ್ಬಿಕೊಂಡು ಹಿಂದೆ ಹೋದರೆ, ಆಗ ನಗುತ್ತಾರೆ, ಎಂಟು ವರ್ಷ ನೆನಪಿಡುತ್ತಾರೆ. ನೂಕಿದೆ. ಗಡಿಯಾರ ಒತ್ತಿದೆ. ಸಿಂಹದ ಮುಖಗಳ ಮೇಲೆ ಎರಡೂ ಕೈ ಇಟ್ಟು ಹಿಂದಕ್ಕೆ ಒರಗಿದೆ, ಹೊಡಿ ಯವ್ವಾ, ಪ್ಯಾದಿ ಪುಕ್ಕಟ ಅದ, ಅಂದೆ. ಆಟದ ನಡುವೆ ಮಾತಾಡಬಾರದು, ಅಂದೆ. ಮಾಸ್ತರ ಕೆಮ್ಮಿದ. ಕೆಮ್ಮಲಿ.

ಗುರುಬಾಯಿ ಅಲುಗಲಿಲ್ಲ. ಗಡಿಯಾರದ ಅಂಕಿ ಇಳಿಯುತ್ತದೆ, ಎರಡು ನಿಮಿಷ, ಒಂದೂವರೆ, ಹೊರಗೆ ಯಾವುದೋ ಬಸ್ಸು ಹಾರ್ನು ಹೊಡೆಯುತ್ತದೆ, ಫ್ಯಾನು ಕಿರ್ ಅನ್ನುತ್ತದೆ, ಅವಳ ಕಣ್ಣು ಕುದುರೆಯ ಮೇಲಿಲ್ಲ, ಪ್ಯಾದೆಯ ಮೇಲಿಲ್ಲ, ಬಲಗಡೆಯ ಮೂಲೆಯ ಮೇಲಿದೆ, ಆ ಖಾಲಿ ಕಪ್ಪು ಮನೆಯ ಮೇಲೆ, ಅಲ್ಲಿ ಏನಿದೆ ನೋಡುವಂಥದ್ದು, ಯಾಕೆ ಅಲ್ಲಿ ನೋಡುತ್ತಾಳೆ — ಆಮೇಲೆ ಕುದುರೆಯನ್ನು ಎತ್ತಿದಳು, ಎತ್ತಿ ಹಣೆಗೆ ಒತ್ತಿಕೊಂಡಳು, ಕಣ್ಣು ಮುಚ್ಚಿದಳು, ಹಾಂ, ಬಂತು ನೋಡು, ಈಗ ಹಿಂದಕ್ಕೆ, ಈಗ ಹಿಂದಕ್ಕೆ ಇಡುತ್ತಾಳೆ, ನನ್ನ ಗಂಟಲಲ್ಲಿ ನಗು ಸಿದ್ಧವಾಗಿ ಕೂತಿದೆ — ಹೊಡೆದಳು. ನನ್ನ ಪ್ಯಾದೆಯನ್ನು ಎತ್ತಿ ಪಕ್ಕಕ್ಕಿಟ್ಟು ಅದರ ಮನೆಯಲ್ಲಿ ಕುದುರೆಯನ್ನು ನಿಲ್ಲಿಸಿ ಎಡಗೈಯಲ್ಲಿ ಗಡಿಯಾರ ಒತ್ತಿದಳು. ಏನು ಮಾಡಿದಿ ಯವ್ವಾ. ಬಾಯಿಂದ ಬಂದೇಬಿಟ್ಟಿತು, ಅದು ಮೈಲಾರನ ಕುದರಿ ಅಲ್ಲೇನ, ನಿನ್ನ ಗಂಡ ಜೀವ ಹೋದ್ರೂ ಕೊಡ್ತಿದ್ದಿಲ್ಲ. ಗುರುಬಾಯಿ ಸೆರಗು ಸರಿ ಮಾಡಿಕೊಂಡಳು, ಹೌದ್ರಿ ಸಾವಕಾರ್ರ, ಅವರು ಕೊಡ್ತಿದ್ದಿಲ್ಲ, ಅದಕ್ಕ ನಾ ಹೋದ ಐತವಾರ ಕುಂಬಾರ ಕಡಿಂದ ಮಣ್ಣಿನ ಕುದರಿ ಮಾಡಿಸಿ ಮೈಲಾರಪ್ಪಗ ಒಪ್ಪಿಸಿ ಬಂದೀನಿ, ಭಂಡಾರ ಹಚ್ಚಿ, ಕೌಲ ಕೇಳಿ, ಬಲಕ್ಕ ಹೂ ಕೊಟ್ಟ ಹೂಂ ಅಂದಾನ್ರಿ, ದೇವರ ಕುದರಿ ದೇವರಿಗಿ ಮುಟ್ಟ್ಯದ, ಇದು ಬರೇ ಕಟಗೀದು. ಮಾಸ್ತರ ಮಾತಾಡಬ್ಯಾಡ್ರಿ ಅಂದ, ಯಾರಿಗೆ ಅಂದನೋ. ಕಟ್ಟಿಗೆಯದು. ಅಂದರೆ ಮನೆಯಿಂದ ಹೊರಡುವ ಮುಂಚೆಯೇ, ನಾನು ಮೊದಲ ಪ್ಯಾದೆ ನೂಕುವ ಮುಂಚೆಯೇ, ಖುರ್ಚಿಗೆ ಹಗ್ಗ ಬಿಗಿಯುವ ಮುಂಚೆಯೇ, ಇವಳು ನನ್ನನ್ನು ಅಳೆದು ಬಂದಿದ್ದಾಳೆ, ನಾನು ಏನು ಮಾಡುತ್ತೇನೆ, ನಗುವುದಕ್ಕೋಸ್ಕರ ಏನು ಮಾಡುತ್ತೇನೆ ಎಂಬುದನ್ನು. ನನಗೆ ಹೆದರಿಕೆಯಾಯಿತು. ಅರವತ್ತನಾಲ್ಕು ವರ್ಷಕ್ಕೆ, ಹಲಗೆಯ ಮುಂದೆ ಮೊದಲ ಸಲ.

ಒಂಟೆಯಿಂದ ಕುದುರೆಯನ್ನು ಹೊಡೆದೆ, ಬೇರೆ ಏನಿದೆ, ಹಳದಿ ಕಿವಿಯ ಕುದುರೆ ನನ್ನ ಮುಷ್ಟಿಗೆ ಬಂತು, ಅಂಗೈಗೆ ಬಣ್ಣ ಹತ್ತಿತು. ಅವಳು ರಾಜನನ್ನು ಓರೆಯಾಗಿ ಒಂದು ಮನೆ ಹಿಂದಕ್ಕೆ ತೆಗೆದು ಮೂಲೆಯಲ್ಲಿ ಇಟ್ಟಳು, ಹೆಬ್ಬೆರಳಿನಿಂದ ಒತ್ತಿ, ಗೂಟ ಬಡಿದ ಹಾಗೆ. ಕಪ್ಪು ಮನೆ. ನನ್ನ ಒಂಟೆ ಬಿಳಿ ಮನೆಯದು. ಇರಲಿ, ಇನ್ನೂ ಆಡಬೇಕು, ಇವಳು ತಪ್ಪಬಹುದು, ಹೊರಗೆ ಬಂದರೆ ಸಾಕು, ಎರಡು ಮನೆ ಆಚೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ನನ್ನ ರಾಜನನ್ನು ಹತ್ತಿರ ತಂದೆ, ಅವಳು ಮೂಲೆಯಿಂದ ಪಕ್ಕದ ಮನೆಗೆ, ನಾನು ಒಂಟೆ, ಅವಳು ಪಕ್ಕದ ಮನೆಯಿಂದ ಮೂಲೆಗೆ. ಪಕ್ಕದ ಮನೆಯನ್ನು ಒಂಟೆಯಿಂದ ಕಾದರೆ? ಕಾದರೆ ಅವಳಿಗೆ ಕಾಲಿಡಲು ಮನೆಯೇ ಇಲ್ಲ, ಚೆಕ್ಕೂ ಇಲ್ಲ, ಆಗಲೂ ಡ್ರಾ, ಅರ್ಧ ಪಾಯಿಂಟ್. ಬಿಟ್ಟರೆ ಹೋಗುತ್ತಾಳೆ ಬರುತ್ತಾಳೆ, ಅದೂ ಡ್ರಾ. ಇದನ್ನು ನಾನು ನೂರು ಜನರಿಗೆ ಕಲಿಸಿದ್ದೇನೆ. ಗುರುಬಾಯಿಗೆ ಯಾರು ಕಲಿಸಿದರು, ಯಾವ ಪುಸ್ತಕ, ಯಾವ ಮಾಸ್ತರ — ಕೇಳಬಾರದಿತ್ತು, ಕಣ್ಣೆತ್ತಿ ನೋಡಿದೆ ಅಷ್ಟೇ, ಅವಳಿಗೆ ಅದೇ ಕೇಳಿದ ಹಾಗಾಯಿತೋ ಏನೋ, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, ಹೊತ್ತ ಮುಣಗೂತನ ಕುಂತ್ರೂ ಎಬ್ಸಾಕ ಆಗಂಗಿಲ್ಲ ಅಂತ ನೀವ ಹೇಳಿದ್ರೆಲ್ರಿ, ಮೂರ ಸಲ ತೋರಿಸಿದ್ರಿ, ಅವರು ಮುಂದ ನಿಂತಿದ್ರು, ನಾ ಬಾಗಲದಾಗ ಇದ್ದೆ. ಮೂರು ಸಲ. ನಾಲ್ಕು. ಹಿಂದಿನವರಿಗೆ ಕಾಣಲಿಲ್ಲವೆಂದು ಇನ್ನೊಮ್ಮೆ ತೋರಿಸಿದ್ದೆ. ಎಷ್ಟು ಚೆನ್ನಾಗಿ ವಿವರಿಸುತ್ತೇನೆ ನಾನು, ಎಲ್ಲರೂ ಹೇಳುತ್ತಾರೆ.

ನಾನು ಮೂರ್ಖ. ಇಡೀ ಹಾಲಿನಲ್ಲಿ ನನಗಿಂತ ದೊಡ್ಡ ಮೂರ್ಖ ಇಲ್ಲ, ಆ ಬ್ಯಾಂಕಿನವನೂ ಅಲ್ಲ, ಅಮೋಲನೂ ಅಲ್ಲ, ಒಂಟೆಯನ್ನು ಎರಡು ಮನೆ ಸರಿಸಿದ್ದರೆ ಮುಗಿದು ಹೋಗುತ್ತಿತ್ತು, ಈಗ ಚಹಾ ಕುಡಿಯುತ್ತ ಇರುತ್ತಿದ್ದೆ. ಮಾಸ್ತರ ಕಾಗದದ ಮೇಲೆ ಗೀಟು ಎಳೆಯುತ್ತಿದ್ದಾನೆ, ನಡೆ ಎಣಿಸುತ್ತಿದ್ದಾನೆ, ಹೊಡೆತವಿಲ್ಲದೆ, ಪ್ಯಾದೆ ಸರಿಯದೆ ಐವತ್ತು ನಡೆ ದಾಟಿದರೆ ಅವಳು ಡ್ರಾ ಕೇಳಬಹುದು, ಹದಿನೇಳು, ಹದಿನೆಂಟು, ಪ್ಯಾದೆಯನ್ನು ಒಂದು ಹೆಜ್ಜೆ ನೂಕಿದರೆ ಮತ್ತೆ ಒಂದರಿಂದ ಎಣಿಸಬೇಕು, ಇನ್ನು ಎರಡು ಹೆಜ್ಜೆ ಇವೆ ಪ್ಯಾದೆಗೆ, ಅಷ್ಟು ಹೊತ್ತು ಕೂತಿರಬಹುದು, ಆಡುತ್ತಿರುವ ತನಕ ಯಾರೂ ಏಳು ಅನ್ನುವ ಹಾಗಿಲ್ಲ. ಜನ ನಗುತ್ತಿಲ್ಲ, ಅದೇ ಕೆಟ್ಟದ್ದು, ನಕ್ಕರೆ ಬೈಯಬಹುದಿತ್ತು. ಕಡೆಗೆ ಮಾಸ್ತರನೇ ಬಗ್ಗಿ, ಸರ್, ಡ್ರಾ ಒಪ್ಕೋತೀರೇನ್ರಿ, ಅಂದ, ಕಿವಿಯಲ್ಲಿ, ಪ್ರೀತಿಯಿಂದ ಅಂದ, ಆ ಪ್ರೀತಿಗೆ ಮೈ ಉರಿಯಿತು. ನಾನು ಅವಳಿಗೆ ಅಂದೆ, ಖುರ್ಚಿ ಬೇಕೇನ ಯವ್ವಾ ನಿನಗ, ಕುಂತ ಏನ್ ಮಾಡ್ತಿ ಇದರ ಮ್ಯಾಲ. ಖುರ್ಚಿ ನನಗ್ಯಾಕ್ರಿ ಸಾವಕಾರ್ರ, ಅಂದಳು, ನಾ ನೆಲಕ್ಕ ಕೂಡಾಕಿ, ನೀವು ಏಳೂದೊಂದ ನೋಡಬೇಕಾಗಿತ್ತು, ನೋಡಿ ಕುರಿ ಕಡಿ ಹೋಗ್ತೀನಿ. ಕೋಪವಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಬಂಡೆಪ್ಪ ಎಷ್ಟು ಹೊತ್ತು ನಿಂತಿದ್ದ ಆ ದಿನ, ಪಟಕಾದ ಚುಂಗು ಕೈಯಲ್ಲಿ ಹಿಡಿದು, ಕೂಡು ಎಂದು ಒಂದು ಮಾತು ಹೇಳಿದ್ದರೆ.

ಒಂಟೆಯನ್ನು ಒಂದು ಮನೆ ಸರಿಸಿದೆ, ಬಿಳಿಯಿಂದ ಬಿಳಿಗೆ. ಅವಳ ರಾಜ ಪಕ್ಕದ ಮನೆಗೆ. ಒಂಟೆಯನ್ನು ಇನ್ನೊಂದು ಬಿಳಿ ಮನೆಗೆ. ಅವಳ ರಾಜ ಮೂಲೆಗೆ. ಏಳಬೇಕು. ಸಿಂಹದ ಮುಖ ಅಂಗೈಯಲ್ಲಿ ಒದ್ದೆಯಾಗಿದೆ, ಒದ್ದೆಗೆ ಹಳದಿ ಇಳಿದು ಸಿಂಹದ ಹಲ್ಲಿಗೂ ಹತ್ತಿದೆ, ಇಪ್ಪತ್ತಾರು, ಇಪ್ಪತ್ತೇಳು. ಎದ್ದು ಎಲ್ಲಿ ನಿಲ್ಲುವುದು, ಬಂಡೆಪ್ಪ ನಿಂತ ಜಾಗದಲ್ಲೇ, ಬೇರೆ ಜಾಗವಿಲ್ಲ. ಒಂಟೆ. ರಾಜ ಪಕ್ಕಕ್ಕೆ. ಒಂಟೆ. ರಾಜ ಮೂಲೆಗೆ, ಹೆಬ್ಬೆರಳಿನಿಂದ ಒತ್ತಿ. ಪ್ರತಿ ಸಲ ಒತ್ತುತ್ತಾಳೆ, ಪ್ರತಿ ಸಲ ಇಷ್ಟು ಉದುರುತ್ತದೆ, ಈಗ ರಾಜ ಪಕ್ಕದ ಮನೆಯಲ್ಲಿದ್ದಾನೆ, ಮೂಲೆ ಖಾಲಿ, ಖಾಲಿ ಕಪ್ಪು ಮನೆಯ ನಟ್ಟನಡುವೆ ಹೆಬ್ಬೆರಳಿನ ಗುರುತು, ಹಳದಿ, ನನ್ನ ಒಂಟೆ ಅಲ್ಲಿಗೆ ಹೋಗುವುದಿಲ್ಲ, ಅದಕ್ಕೆ ಬರುವುದಿಲ್ಲ, ಕೈ ಎತ್ತಿದ್ದೇನೆ, ಯಾವ ಕಾಯಿ, ಎಲ್ಲಿಗೆ — ಕಪ್ಪು ಮನೆಯ ಮೇಲೆ ಹಳದಿ ಹೆಬ್ಬೆರಳು, ಕಪ್ಪು ಮನೆಯ ಮೇಲೆ ಹಳದಿ